ಬೀಗರ ಕಡೆಯ ಹಿರಿಯರು

ಜಪಾನಿನ ಓಜಿಮಾದಲ್ಲಿರುವ ನಮ್ಮ ವಸತಿ ಕಟ್ಟಡದ ಕೆಳಗಿನ ಸೂಪರ್ ಮಾರ್ಕೆಟ್ಟಿನ ಬಾಗಿಲಲ್ಲಿ ಬಕೆಟ್ ತುಂಬ ಸೇವಂತಿಗೆ ಇಟ್ಟಿರುತ್ತಾರೆ. ಇಲ್ಲಿನವರು ಅದನ್ನು ತೀರಿಕೊಂಡ ಹಿರಿಯರಿಗೆಂದು ಒಯ್ಯುತ್ತಾರೆ. ಇವತ್ತು ಬೆಳಿಗ್ಗೆ ಹಾಲು ತರಲು ಹೋದವನಿಗೆ ಆ ಕಹಿ ಬೆರೆತ ಕಂಪು ಬಡಿದದ್ದೇ, ಸುಧಾಳ ಮನೆಯ ಅಮೆರಿಕದ ಮಹನೀಯರು ನೆನಪಾದರು.

ಸುಧಾ ಮೈಸೂರಿನವಳು, ಗಂಡ ಬಿಳಿಯ; ನಮ್ಮ ಮೇಲಿನ ಮಹಡಿ. ಕೆಲವು ವರ್ಷಗಳ ಹಿಂದೆ, ತೀರಿಕೊಂಡ ಅಪ್ಪನ ಫೋಟೋಗೆಂದು ಹಳೇ ಸಾಮಾನಿನ ಸಂತೆಯಲ್ಲಿ ಒಂದು ಮರದ ಫ್ರೇಮು ಕೊಂಡಳು. ಅದರೊಳಗೆ ಒಬ್ಬರು ಆಗಲೇ ಕೂತಿದ್ದರು: ಕಪ್ಪು ಕೋಟು, ಬಿಗಿ ಕಾಲರು, ಬಿಳಿ ಮೀಸೆ. ಹಿಂಬದಿಯಲ್ಲಿ ಪೆನ್ಸಿಲ್ಲಿನ ಬರಹ: ಹೆಸರು, ಅಮೆರಿಕದ ದಕ್ಷಿಣದ ಒಂದು ರಾಜ್ಯ, ಸಂಸತ್ ಸದಸ್ಯ. ಅಪ್ಪನ ಫೋಟೋ ಪ್ರಿಂಟಾಗಿ ಬರುವವರೆಗೆ ಅವರೇ ಶೆಲ್ಫಿನ ಮೇಲೆ ಉಳಿದರು.

ಪತ್ರಿಕೆಯ ಡೆಸ್ಕಿನಲ್ಲಿ ತಲೆ ನರೆಸಿಕೊಂಡ ನನಗೊಂದು ಚಟ. ಚಿತ್ರದಲ್ಲಿರುವುದು ಯಾರೆಂದು ಖಚಿತವಾಗದೆ ನೆಮ್ಮದಿಯಿಲ್ಲ. ಭೂತಗನ್ನಡಿ ಹಿಡಿದು ಕೂತೆ. ನೂರು ವರ್ಷ ದಾಟಿದ ಚಿತ್ರ. ಮೀಸೆಯ ಒಂದೊಂದು ಕೂದಲೂ ಬಿಡಿಬಿಡಿ. ಕಣ್ಣಿನ ಪಾಪೆಯಲ್ಲಿ ಆ ಸ್ಟುಡಿಯೋದ ಕಿಟಕಿ, ಕಿಟಕಿಯಲ್ಲಿ ಬೆಳಕು. ಎಲ್ಲಿಯದೋ ಮುಗಿದುಹೋದ ಹಗಲೊಂದು ಸುಧಾಳ ಊಟದ ಮೇಜಿನ ಮೇಲೆ ಇನ್ನೂ ಆರಿರಲಿಲ್ಲ. ದಿನವೂ ಚಿತ್ರಗಳನ್ನು ಅಚ್ಚಿಗೆ ಕಳಿಸಿದವನು ನಾನು. ಆವತ್ತು ಭೂತಗನ್ನಡಿ ಒರೆಸಿಕೊಂಡು ಮತ್ತೆ ಮತ್ತೆ ನೋಡಿದೆ.

ಮನೆಗೆ ಬಂದು ಅಂತರ್ಜಾಲದಲ್ಲಿ ಅಮೆರಿಕದ ಹಳೆಯ ಸಂಸತ್ ದಾಖಲೆಗಳನ್ನು ಹುಡುಕಿದೆ. ಅವರ ಭಾಷಣ ಸಿಕ್ಕಿತು. ಏಷ್ಯಾದವರನ್ನು ದೇಶದೊಳಕ್ಕೆ ಬಿಡಬಾರದು ಎಂಬುದು ಅದರ ಸಾರ.

ಮರುದಿನ ಹೇಳಲು ಹೋದರೆ ತಡವಾಗಿತ್ತು. ತಮ್ಮ ಗಂಡನ ತಿಥಿಗೆ ಮಗಳ ಜೊತೆಗಿರಲೆಂದು ಸುಧಾಳ ತಾಯಿ ಮೈಸೂರಿನಿಂದ ಬಂದಿಳಿದಿದ್ದರು. ಶೆಲ್ಫಿನ ಮೇಲಿನ ಕೋಟುಧಾರಿಯನ್ನು ಕಂಡು, ಅಳಿಯನ ಮುತ್ತಾತನೇ ಇರಬೇಕೆಂದು ಗಾಜಿಗೆ ಗಂಧವಿಟ್ಟು, ಸೇವಂತಿಗೆ ಏರಿಸಿ ಕೈಮುಗಿದೂ ಆಗಿತ್ತು.

ಸುಧಾ ನನ್ನನ್ನು ಬಾಗಿಲಲ್ಲೇ ಹಿಡಿದಳು. "ಸರ್, ಇವರು ಯಾರೋ ಹೊರಗಿನವರು ಅಂತ ಅಮ್ಮಂಗೆ ಹೇಳ್ಬೇಡಿ ಪ್ಲೀಸ್. ಈ ಫ್ರೇಮೇ ಬೇಡ ಅಂದ್ಬಿಡ್ತಾರೆ. ಅಪ್ಪಂಗೆ ಅಂತ ಅಷ್ಟು ಹುಡುಕಿ ತಂದಿದ್ದು."

ಅಷ್ಟರಲ್ಲಿ ತಾಯಿಯೇ ಬಂದು, ಅವರು ಬೀಗರ ಕಡೆಯವರಲ್ಲವೇ ಎಂದು ನನ್ನನ್ನೇ ಕೇಳಿದರು. ಇದ್ದದ್ದನ್ನು ಇದ್ದ ಹಾಗೆ ಹೇಳುವುದು ಬಿಟ್ಟರೆ ಬೇರೆ ವಿದ್ಯೆ ನನಗೆ ಬಾರದು. ಭಾಷಣದ ಸಾರವನ್ನೂ ಹೇಳಿದೆ.

"ಅದಕ್ಕೇ ಅಳಿಯಂದ್ರ ಮೂಗು ಕಾಣ್ಲಿಲ್ಲ," ಎಂದು ಅವರು ಮೊದಲು ನಕ್ಕರು. ಆಮೇಲೆ ತುಂಬ ಹೊತ್ತು ಆ ಮುಖವನ್ನು ನೋಡಿದರು. ಆ ಚಿತ್ರವನ್ನು ತೆಗೆಯಲು ಸುಧಾ ಫ್ರೇಮಿನ ಹಿಂಬದಿಯ ಮೊಳೆ ಕೀಳಲು ಹೊರಟಾಗ ಕೈ ಹಿಡಿದರು.

"ಕೈಮುಗಿದ್ಮೇಲೆ ಎಲ್ಲಿಗೆ ಕಳಿಸ್ತೀಯೇ? ನಿಮ್ಮಪ್ಪ ಯಾರನ್ನೂ ಬಾಗಿಲಲ್ಲಿ ನಿಲ್ಲಿಸಿದವರಲ್ಲ. ಅವರನ್ನ ಇದೇ ಫ್ರೇಮಲ್ಲಿ ಮುಂದೆ ಕೂರಿಸು, ಇವರು ಹಿಂದೆ ಇರಲಿ. ಒಂದು ಲೋಟ ನೀರು ಇವರಿಗೂ ಇಡು."

ಇವತ್ತು ಹಾಲಿನ ಜೊತೆ ಒಂದು ಕಟ್ಟು ಸೇವಂತಿಗೆಯನ್ನೂ ಕೊಂಡು ಮೇಲೆ ಹೋದೆ. ಜೇಬಿಗೆ ಪೆನ್ನು ಸಿಕ್ಕಿಸಿಕೊಂಡ ಸುಧಾಳ ಅಪ್ಪ ಫ್ರೇಮಿನಲ್ಲಿ ನಗುತ್ತಿದ್ದರು. ಅವರ ಬೆನ್ನಿಗೆ, ಕಾಣದಂತೆ, ಆ ಇನ್ನೊಬ್ಬರು. ಮುಂದೆ ಎರಡು ಲೋಟ ನೀರು. ಹೂವಿಟ್ಟೆ. ಯಾವ ಲೋಟ ಯಾರದು ಎಂದು ಕೇಳಬೇಕೆನಿಸಲಿಲ್ಲ.