ಕೌದಿಯ ಎಂಟನೇ ಹೊಲಿಗೆ

ದೇವದುರ್ಗದಿಂದ ಹೊರಟ ಮೊದಲ ಬಸ್ಸು ಗೂಗಲ್ ಮುಟ್ಟುವಾಗ ಇನ್ನೂ ಸರಿಯಾಗಿ ಬೆಳಕಾಗಿಲ್ಲ. ಶೇಖಮ್ಮ ಇಳಿದವರೇ ಬಿರಬಿರನೆ ನಡೆಯುತ್ತಾರೆ. ಹೆಗಲ ಚೀಲದಲ್ಲಿ ಗಿಲಕಿ, ಚೆಂಡು, ಅಂಕಿಗಳ ರಟ್ಟು, ಒಂದು ಉಂಡೆ ಕೆಂಪು ದಾರ. ಅಯ್ಯಮ್ಮ ಕೂಲಿಗೆ ಹೊರಡುವ ಮುಂಚೆ ಅವರ ಮನೆ ಸೇರಬೇಕು.

ಅಯ್ಯಮ್ಮನ ಮಗಳು ವಿಶಾಖಾಗೆ ಹನ್ನೊಂದು ವರ್ಷ. ಕುತ್ತಿಗೆ ನಿಲ್ಲದು, ಕೈಕಾಲು ಹೇಳಿದಂತೆ ಕೇಳವು, ಮಾತಿಲ್ಲ. ಹೌದು ಎನ್ನಲು ಕಣ್ಣನ್ನು ಎಡಕ್ಕೆ ಹೊರಳಿಸುತ್ತಾಳೆ. ಐದಕ್ಕೆ ಮೂರು ಕೂಡಿದರೆ ಏಳೇ ಎಂದರೆ ಸುಮ್ಮನಿರುತ್ತಾಳೆ, ಎಂಟೇ ಎಂದರೆ ಕಣ್ಣು ಎಡಕ್ಕೆ. ಇದಕ್ಕೆ ಶೇಖಮ್ಮನಿಗೆ ಎರಡು ವರ್ಷ ಹಿಡಿಯಿತು.

ಶಾಲೆಗೆ ಬರಲಾಗದ ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುವುದು ನಲವತ್ತಮೂರರ ಶೇಖಮ್ಮನ ಕೆಲಸ. ದೇವದುರ್ಗ, ಮಾನ್ವಿ ಸೇರಿ ಹದಿನೇಳು ಮನೆ, ವಾರಕ್ಕೆ ಆರು ದಿನ, ಒಂಬತ್ತು ವರ್ಷ. ಊರವರಿಗೆ ಮಾತ್ರ ಇವರು ಇವತ್ತಿಗೂ "ಆಟ ಆಡ್ಸೋ ಟೀಚರ್".

ತಲೆಗೆ ಆಸರೆಯಿರುವ ಗಾಲಿಕುರ್ಚಿ ಬಂದರೆ ವಿಶಾಖಾಳನ್ನು ತರಗತಿಯಲ್ಲೇ ಕೂರಿಸಿಕೊಳ್ಳುತ್ತೇವೆ ಎಂದು ಊರ ಶಾಲೆಯವರು ಒಪ್ಪಿದ್ದರು. ಗಾಲಿಕುರ್ಚಿ ಕೊಡುವ ಶಿಬಿರದಲ್ಲಿ ಅವಳ ಅಳತೆಯೂ ಆಯಿತು. ಆಗ ಅವಳಿಗೆ ಎಂಟು ವರ್ಷ. ಕುರ್ಚಿ ಬಂದದ್ದು ಹೆಚ್ಚುಕಡಿಮೆ ಮೂರು ವರ್ಷದ ಮೇಲೆ, ಅದೇ ಹಳೆಯ ಅಳತೆಗೆ! ಕೂರಿಸಿದರೆ ಮೊಣಕಾಲು ಎದೆಗೆ ಬರುತ್ತದೆ, ತಲೆ ಆಸರೆ ದಾಟಿ ಹಿಂದಕ್ಕೆ ಬೀಳುತ್ತದೆ.

"ಅಳತಿ ತೊಗೊಂಡು ಹೋದವರು ಕುರ್ಚಿ ಕಳಸೋತನಕ ಇಕಿ ಬೆಳೀಲಾರದಂಗ ಕುಂತಿರಬೇಕೇನ್ರಿ?" ಶೇಖಮ್ಮನ ದನಿ ಏರುತ್ತದೆ. "ಇಂಥ ಮಕ್ಕಳು ಬೆಳೀತಾವ ಅನ್ನೋದ ಯಾರ ತಲ್ಯಾಗೂ ಬಂದಿಲ್ಲ."

ಕುರ್ಚಿ ತಲುಪಿದೆ ಎಂದು ಸಹಿ ಹಾಕಿದರೆ ಇನ್ನು ಐದು ವರ್ಷ ಬೇರೆ ಕುರ್ಚಿ ಇಲ್ಲ. ಒಮ್ಮೆ ಹಾಗೆ ಸಹಿ ಹಾಕಿ ಶೇಖಮ್ಮ ಕೈ ಸುಟ್ಟುಕೊಂಡಿದ್ದಾರೆ. ಅವರ ಇನ್ನೊಬ್ಬ ವಿದ್ಯಾರ್ಥಿ, ಪೋತ್ನಾಳದ ಅಂಬರೇಶನಿಗೆ ಬಂದ ಅಳತೆ ತಪ್ಪಿದ ಕುರ್ಚಿಯ ಮೇಲೆ ಇವತ್ತು ನೀರಿನ ಕೊಡಗಳು ಕೂತಿವೆ, ಹುಡುಗ ನೆಲದ ಮೇಲಿದ್ದಾನೆ. "ಅದು ನನ್ನ ತಪ್ಪು. ಬಂದಿದ್ದ ಪುಣ್ಯ ಅಂತ ಸಹಿ ಮಾಡಿಬಿಟ್ಟೆ," ಎನ್ನುತ್ತಾರೆ.

ಈ ಸಲ ಸಹಿ ಹಾಕಲಿಲ್ಲ. ವಿಶಾಖಾ ಮಲಗುವ ಕೌದಿಯನ್ನು ಸುರುಳಿ ಸುತ್ತಿ ಹಿಡಿದು, ಕುರ್ಚಿ ಕಳಿಸಿದ ರಾಯಚೂರಿನ ಕಚೇರಿಗೆ ಹೋದರು. ನಿಲ್ಲಲಾಗದ ಮಗುವಿನ ಎತ್ತರವನ್ನು ಗೋಡೆಯ ಮೇಲೆ ಗುರುತು ಮಾಡುವುದು ಹೇಗೆ? ಪಾದವನ್ನು ಕೌದಿಯ ಒಂದು ಅಂಚಿಗೆ ಸರಿಯಾಗಿಟ್ಟು ಮಲಗಿಸಿ, ನೆತ್ತಿ ಮುಟ್ಟಿದಲ್ಲಿ ಅಯ್ಯಮ್ಮ ಕೆಂಪು ದಾರದ ಹೊಲಿಗೆ ಹಾಕುತ್ತಾರೆ. ಶಿಬಿರದ ದಿನ ಒಂದು, ಆಮೇಲೆ ಯುಗಾದಿಗೊಂದು, ದಸರೆಗೊಂದು. ಒಟ್ಟು ಏಳು. ಮೊದಲನೆಯದಕ್ಕೂ ಕೊನೆಯದಕ್ಕೂ ನಡುವೆ ಹತ್ತಿರ ಹತ್ತಿರ ಒಂದು ಗೇಣು. ಶೇಖಮ್ಮ ಕೌದಿಯನ್ನು ಮೇಜಿನ ಮೇಲೆ, ಕಡತಗಳ ಮೇಲೇ ಹಾಸಿದರು.

"ಕೌದಿ ದಾಖಲಿ ಆಗಂಗಿಲ್ರಿ ಮೇಡಂ. ಮುಂದಿನ ಶಿಬಿರಕ್ಕ ಹುಡುಗೀನ ಕರಕೊಂಡು ಬರ್ರಿ," ಎಂದರು ಗುಮಾಸ್ತರು.

"ಆಗ್ಲಿ ಸರ್. ಶಿಬಿರ ಯಾವಾಗ?"

ಅವರಿಗೂ ಗೊತ್ತಿರಲಿಲ್ಲ. ನಾಚಿಕೆಯಾಗಬೇಕಾದದ್ದು ಯಾರಿಗೆ? ಕುರ್ಚಿ ವಾಪಸ್ ಹೋಯಿತು. ವಿಶಾಖಾಳ ಹೆಸರು ಮತ್ತೆ ಪಟ್ಟಿಯ ಕೊನೆಗೆ ಬಿತ್ತು. ಶಾಲೆ ಅವಳ ಮನೆಯಿಂದ ಕೂಗಳತೆಯಲ್ಲಿದೆ. ಪ್ರಾರ್ಥನೆಯ ಗಂಟೆ ಒಳಗೇ ಕೇಳಿಸುತ್ತದೆ.

ಯುಗಾದಿ ಕಳೆದು ಇನ್ನೂ ವಾರವಾಗಿಲ್ಲ. ಅಯ್ಯಮ್ಮ ಮಗಳ ಮೊಣಕಾಲನ್ನು ಮೆತ್ತಗೆ ಚಾಚಿ ಹಿಡಿಯುತ್ತಾರೆ, ಶೇಖಮ್ಮ ಸೂಜಿಗೆ ದಾರ ಪೋಣಿಸಿ ಕೊಡುತ್ತಾರೆ. ಎಂಟನೇ ಹೊಲಿಗೆ ಬೀಳುತ್ತದೆ.

"ಮತ್ತ ಬೆಳದೀಯೇನ ಬೇ?" ಎಂದು ಶೇಖಮ್ಮ ಕೇಳುತ್ತಾರೆ. ವಿಶಾಖಾಳ ಕಣ್ಣು ಎಡಕ್ಕೆ ಹೊರಳುತ್ತದೆ.

ಶೇಖಮ್ಮ ಹೊಲಿಗೆಯಿಂದ ಮೇಲಿನ ಅಂಚಿನವರೆಗೆ ಅಂಗೈ ಆಡಿಸುತ್ತಾರೆ. ಅಲ್ಲಿ ಉಳಿದಿರುವುದು ಎರಡೇ ಗೇಣು.

"ನಂದು ದೊಡ್ಡ ಆಸಿ ಏನಿಲ್ರಿ," ಎನ್ನುತ್ತಾರೆ. "ಈ ಕೌದಿ ಮುಗಿಯೋದ್ರೊಳಗ ಕುರ್ಚಿ ಬರಬೇಕು."