ತೆರದ ಎತ್ತು ಹೂಡುವ ಅಮೊಂಗಿನ್

ಇನ್ನೂ ಮಬ್ಬುಗತ್ತಲು. ಸೊರೊಟಿ ಪೇಟೆಯಾಚೆಯ ಹಳ್ಳಿಯಲ್ಲಿ ಅಮೊಂಗಿನ್ ಎತ್ತುಗಳ ಹೆಗಲಿಗೆ ನೊಗ ಏರಿಸುತ್ತಿದ್ದಾಳೆ. ಇವತ್ತು ಅಪೊಲೊಟ್ ಎಂಬ ಎಳೆಯ ವಿಧವೆಯ ಹೊಲದ ಸರದಿ. ಗಂಡನ ಜಮೀನಿನ ಮೇಲೆ ಅವಳಿಗೆ ಹಕ್ಕಿದೆ ಎಂದು ಪೇಟೆಯ ನ್ಯಾಯಾಲಯ ಹೇಳಿಯಾಗಿದೆ. ಆದರೆ ಮೈದುನ ಒಕಿರೋರ್‌ಗೆ ಹೆದರಿ ಊರಿನ ಒಬ್ಬ ಗಂಡಸೂ ಅಲ್ಲಿ ನೇಗಿಲು ಊರಿಲ್ಲ.

"ತೀರ್ಪು ಬಂದ್ರೆ ಸಾಲ್ದು ಕಣೆ, ಮಣ್ಣಿಗಿಳೀಬೇಕು. ಬೀಳು ಬಿಟ್ಟ ಹೊಲ ನೋಡಿದ್ರೆ ಇವರಿಗೆ ಬಾಯಲ್ಲಿ ನೀರು," ಎನ್ನುತ್ತಾಳೆ ಅಮೊಂಗಿನ್, ಪಕ್ಕದಲ್ಲಿ ನಿಂತ ಅಪೊಲೊಟ್‌ಗೆ.

ಅವಳಿಗೂ ಹೀಗೇ ಆಗಿತ್ತು. ಗಂಡ ಸತ್ತ ವಾರಕ್ಕೆ ಅವಳ ಮೈದುನನೂ ಬಂದು, ನನ್ನ ಹೆಂಡತಿಯಾಗು, ಇಲ್ಲ ಜಾಗ ಖಾಲಿ ಮಾಡು ಎಂದ. ಅವಳು ಎರಡಕ್ಕೂ ಒಲ್ಲೆ ಎಂದಳು. ಗುಡಿಸಲಿಗೆ ಬೆಂಕಿ ಬಿತ್ತು. ಮಾವಿನ ಮರದಡಿ ಮಲಗಿ, ಪರರ ಹೊಲದಲ್ಲಿ ಕಳೆ ಕಿತ್ತು, ವರ್ಷಗಟ್ಟಲೆ ನ್ಯಾಯಾಲಯಕ್ಕೆ ನಡೆದು ಗೆದ್ದಳು. ಗೆದ್ದ ಮೇಲೂ ಉಳುವವರಿಲ್ಲ. ಆಗ ತವರಿನ ತಾಯಿ ಎರಡು ಹೋರಿ ಅಟ್ಟಿಕೊಂಡು ಬಂದಳು.

"ಹೆಂಗಸು ನೇಗಿಲು ಮುಟ್ಟಿದ್ರೆ ಮಳೆ ಮುನಿಯುತ್ತೆ ಅಂದ್ರು. ಮಳೆ ನನ್ನ ಹೊಲಕ್ಕೂ ಬಂತು, ಬೈದೋರ ಹೊಲಕ್ಕೂ ಬಂತು."

ಅಂದಿನಿಂದ ಸುತ್ತಿನ ವಿಧವೆಯರ ಹೊಲಗಳಿಗೆಲ್ಲ ಅವಳದೇ ನೇಗಿಲು.

ಮೊದಲ ಸಾಲು ಮುಗಿಯುವ ಹೊತ್ತಿಗೆ ಒಕಿರೋರ್ ಬಡಿಗೆ ಹಿಡಿದು ಎತ್ತುಗಳೆದುರು ನಿಲ್ಲುತ್ತಾನೆ. "ಏ ಮುದುಕಿ, ನಿಲ್ಲಿಸು! ಮದುವೇಲಿ ಇವಳ ತವರಿಗೆ ನಾವು ತೆರ ಕೊಟ್ಟಿದ್ದೀವಿ, ಹಸು ಕೊಟ್ಟಿದ್ದೀವಿ. ಇವಳೂ ನಮ್ಮವಳೇ, ಹೊಲವೂ ನಮ್ಮದೇ."

"ನನ್ನ ತವರಿಗೂ ಹಸು ಕೊಟ್ಟಿದ್ರು ಕಣೋ. ಅವುಗಳ ಸಂತಾನ ಇವು. ನನಗೆ ಕಟ್ಟಿದ ಬೆಲೇನ ನಾನೇ ನೊಗಕ್ಕೆ ಕಟ್ಟಿದ್ದೀನಿ. ಸರಿ ಪಕ್ಕಕ್ಕೆ. ಎತ್ತಿಗೆ ನಿನ್ನ ದೊಡ್ಡಸ್ತಿಕೆ ಗೊತ್ತಿಲ್ಲ."

ಅವನು ಬಡಿಗೆ ಎತ್ತುತ್ತಾನೆ. ಅಷ್ಟರಲ್ಲಿ ಅವಳು ಉತ್ತುಕೊಟ್ಟ ಹೊಲಗಳ ಹೆಂಗಸರು ಗುದ್ದಲಿ ಹೊತ್ತು ಬದುವಿನ ಮೇಲೆ ಬಂದು ನಿಂತಿದ್ದಾರೆ. ಅಮೊಂಗಿನ್ ನಾಲಿಗೆ ಲೊಚಗುಟ್ಟಿಸುತ್ತಾಳೆ. ಎತ್ತುಗಳು ಮುಂದಡಿ ಇಡುತ್ತವೆ. ಬಿಸಿ ಉಸಿರು ಎದೆಗೆ ತಾಗಿದಾಗ ಒಕಿರೋರ್‌ನ ಕಾಲು ತಾನಾಗಿ ಹಿಂದೆ ಸರಿಯುತ್ತದೆ. "ನೋಡ್ಕೋತೀನಿ!" ಎಂದು ಉಗುಳಿ ನಡೆಯುತ್ತಾನೆ.

"ನೋಡು, ನೋಡು. ಬಿತ್ತನೆಗೂ ಬಾ, ಕೈ ಸಾಲ್ದು ನಮಗೆ," ಎಂದು ಒಬ್ಬಾಕೆ ಕೂಗುತ್ತಾಳೆ. ಬದುವೆಲ್ಲ ನಗು.

ಅಮೊಂಗಿನ್ ನೇಗಿಲಿನ ಮೇಳಿಯನ್ನು ಅಪೊಲೊಟ್‌ಳ ಕೈಗೆ ಕೊಡುತ್ತಾಳೆ. ನೇಗಿಲು ಅತ್ತಿತ್ತ ಓಲಾಡುತ್ತದೆ.

"ಅಕ್ಕಾ, ಸಾಲು ಸೊಟ್ಟ ಹೋಯ್ತು!"

"ಹೋಗ್ಲಿ ಬಿಡೆ. ನಿನ್ನ ಹೊಲ, ನಿನ್ನ ಸೊಟ್ಟ. ಯಾರು ಕೇಳ್ತಾರೆ ನೋಡೋಣ."