ಎರಡು ಕತ್ತಿಯ ಆಳು ಮತ್ತು ನನ್ನ ಗಂಡ

ನನ್ನ ಗಂಡನ ಹೆಸರು ದೀನದಯಾಳನ್. ತಮಿಳು ಸೀಮೆಯ ಸಿರುಮುಗೈಯಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದರು. ಹೋದ ಪುರಟಾಸಿ ತಿಂಗಳಲ್ಲಿ ತೀರಿಕೊಂಡರು. ನಾನು ಕೊಳ್ಳೇಗಾಲದಲ್ಲಿ ಐದನೇ ಕ್ಲಾಸಿನವರೆಗೆ ಓದಿದವಳು. ಈ ಕಡೆ ನಮ್ಮ ಜನ ಮನೆಯೊಳಗೆ ಕನ್ನಡ ಆಡುತ್ತಾರೆ, ಅದನ್ನು ಓದಲು ಬರೆಯಲು ಬರುವುದಿಲ್ಲ, ಓದಿದ್ದು ತಮಿಳು. ಅವರಿಗೂ ಬರುತ್ತಿರಲಿಲ್ಲ. ಬದುಕಿದ್ದರೂ ಇದನ್ನು ಅವರು ಓದುತ್ತಿರಲಿಲ್ಲ.

ಕೆಲಸದಲ್ಲಿ ಅವರ ಕೈ ಒಳ್ಳೆಯದು. ಬೇರೆಯವರು ಬಿಟ್ಟ ಕಷ್ಟದ ಅಂಚು ನಮ್ಮ ಮನೆಗೇ ಬರುತ್ತಿತ್ತು. ಹೊಸ ಹಾಸಿನ ನೂಲು ಮಗ್ಗಕ್ಕೆ ಏರಿದಾಗ ನೇರವಾಗಿ ಸೀರೆ ಶುರು ಮಾಡುವುದಿಲ್ಲ. ಮೊದಲು ಒಂದು ಗೇಣು ಮಾದರಿ ತುಂಡು ನೇಯಬೇಕು. ಬಣ್ಣ ಸರಿಯಾಗಿದೆಯೋ, ಅಂಚು ನೆಟ್ಟಗೆ ನಿಲ್ಲುತ್ತದೋ, ಎಳೆ ಸಡಿಲವೋ, ಎಲ್ಲ ಅದರಲ್ಲಿ ಕಾಣುತ್ತದೆ. ತುಂಡು ಹೇಗೋ ಸೀರೆ ಹಾಗೆ. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಸರಿ ಇದ್ದರೆ ಕೆಲಸಕ್ಕೆ ಕೂರುತ್ತಿದ್ದರು.

ಒಂದು ಬೆಳಿಗ್ಗೆ ಮಗ್ಗದ ಗುಂಡಿಯಲ್ಲೇ ಪಕ್ಕಕ್ಕೆ ಒರಗಿಬಿಟ್ಟರು. ಸ್ಟ್ರೋಕ್ ಎಂದರು. ಮಾತು ಉಳಿಯಿತು, ಕಾಲು ಉಳಿಯಿತು, ಎಡಗೈ ಹೋಯಿತು. ಪೂರ್ತಿ ಹೋಗಲಿಲ್ಲ. ನಿಧಾನ ಆಯಿತು. ಹೇಳಿದ್ದನ್ನು ತಡವಾಗಿ ಕೇಳುತ್ತಿತ್ತು. ಮಗ್ಗದಲ್ಲಿ ಬಲಗೈ ಲಾಳಿಯ ಹಗ್ಗ ಎಳೆದರೆ ಎಡಗೈ ಹಲಗೆ ಬಡಿಯಬೇಕು. ಆರು ತಿಂಗಳಾದ ಮೇಲೆ ಮತ್ತೆ ಕೂತರು. ಒಂದು ಗೇಣು ನೇಯ್ದರು. ಎದ್ದು ಬೆಳಕಿಗೆ ಹಿಡಿದರು. ಅಂಚು ಹಾವಿನ ಹಾಗೆ ಸೊಟ್ಟಗಿತ್ತು. ನನಗೂ ಕಂಡಿತು. ಅವರೇ ಕತ್ತರಿ ತಂದು ತುಂಡನ್ನು ಕತ್ತರಿಸಿದರು, ಹಾಸು ಸುತ್ತಿ, ನೂಲು ಕೊಡುವ ಮುದಲಾಳಿಗೆ ವಾಪಸು ಕಳಿಸಿದರು. ಬೇರೆಯವರ ಬಾಯಲ್ಲಿ ಕೇಳುವ ಮೊದಲು ಅವರಿಗೇ ಗೊತ್ತಾಯಿತು. ಅವತ್ತು ಊಟ ಮಾಡಿದರು, ಮಲಗಿದರು. ಅಳಲಿಲ್ಲ.

ಆಮೇಲೆ ಮನೆ ಬಿಟ್ಟು ತುಡಿಯಲೂರಿಗೆ ಬಂದೆವು. ನಮ್ಮ ಮಗಳು ಇಲಕ್ಕಿಯಾ ಅಲ್ಲಿ ಒಂದು ಪಂಪ್‌ಸೆಟ್ ಕಂಪನಿಯಲ್ಲಿ ಬಿಲ್ ಹಾಕುತ್ತಾಳೆ. ಕೈಗೆ ವ್ಯಾಯಾಮ ಹೇಳಿಕೊಡುವವನು ದಿನಾ ಬೆರಳು ಆಡಿಸಿ, ಕಂಪ್ಯೂಟರ್ ಒತ್ತಿದರೂ ಸರಿ ಎಂದ. ಇಲಕ್ಕಿಯಾ ಒಂದು ಆಟ ಹಾಕಿಕೊಟ್ಟಳು. ಅದರಲ್ಲಿ ನಮ್ಮದೇ ಒಂದು ಆಳನ್ನು ಮಾಡಿಕೊಳ್ಳಬೇಕು. ಅವನಿಗೆ ಕವಚ, ಉಂಗುರ, ಆಯುಧ ಎಲ್ಲ ಗೆದ್ದು ಗೆದ್ದು ಹಾಕಬೇಕು. ಎಲ್ಲೆಲ್ಲಿಂದಲೋ ಜನ ಸೇರಿ ಆಡುತ್ತಾರೆ. ಇವರು ಎರಡು ಕತ್ತಿಯ ಆಳನ್ನು ಆರಿಸಿದರು. ಮದುವೆಗೆ ಮುಂಚೆ ನಮ್ಮ ಜನರ ಹಬ್ಬದಲ್ಲಿ ಚೌಡೇಶ್ವರಿ ಅಮ್ಮನ ಮುಂದೆ ಎರಡು ಕೈಯಲ್ಲೂ ಕತ್ತಿ ಹಿಡಿದು ಎದೆಗೆ ಹೊಡೆದುಕೊಂಡವರು. ಆ ಗಾಯದ ಗುರುತು ಎದೆಯ ಮೇಲೆ ಕೊನೆಯವರೆಗೂ ಇತ್ತು.

ಆಟದಲ್ಲಿ ಒಂದು ಗುಂಪು ಅವರನ್ನು ಸೇರಿಸಿಕೊಂಡಿತು. ಇಪ್ಪತ್ತು ಜನ. ಅದರ ಮುಖ್ಯಸ್ಥ ಮೋಹನ್ ರಾಜ್, ತುಡಿಯಲೂರಿನವನೇ, ಫೌಂಡ್ರಿಯಲ್ಲಿ ಕೆಲಸ. ಸಂಜೆ ಏಳಕ್ಕೆ ಎಲ್ಲರೂ ಸೇರುತ್ತಿದ್ದರು. ಕಿವಿಯ ಹೆಡ್‌ಫೋನಿನಲ್ಲಿ ಅವನ ದನಿ ಆಚೆಗೂ ಕೇಳುತ್ತಿತ್ತು. "ದೀನಾ ಅಣ್ಣಾ ವಂದಾಚಾ?" ಎಂದು ದಿನಾ ಕೇಳುವನು. ಇವರು "ವಂದಾಚು ತಂಬಿ" ಎನ್ನುವರು. ಮಗ್ಗ ನಿಂತ ಮೇಲೆ ಇವರು ಬಂದರೋ ಇಲ್ಲವೋ ಎಂದು ಯಾರೂ ಕೇಳುತ್ತಿರಲಿಲ್ಲ. ನೆಂಟರ ಮದುವೆಗೂ ಪತ್ರಿಕೆ ನನ್ನ ಕೈಗೆ ಕೊಟ್ಟು ಹೋಗುತ್ತಿದ್ದರು. ಆ ಗುಂಪಿನ ಜಾಗ ಒಂದೇ ಅವರಿಗೆ ಉಳಿದದ್ದು.

ಆಟದ ಕೋಟೆಯ ಕೊನೆಯ ಮಹಡಿಯಲ್ಲಿ ಒಂದು ದೊಡ್ಡ ಪ್ರಾಣಿ ಇದೆಯಂತೆ. ಇಪ್ಪತ್ತು ಜನವೂ ಸೇರಿ ಅದನ್ನು ಕೊಲ್ಲಬೇಕು. ಒಬ್ಬನ ಪೆಟ್ಟು ಕಡಿಮೆಯಾದರೂ ಎಲ್ಲರೂ ಸಾಯುತ್ತಾರೆ. ಅದಕ್ಕೆ ಮೋಹನ್ ರಾಜ್ ಅವರಿಗೆ ಸಿಮ್ಯುಲೇಟರ್ ಎಂಬುದನ್ನು ತೋರಿಸಿದ. ಆಳಿನ ಕವಚ, ಉಂಗುರ, ಯಾವ ಪೆಟ್ಟಿನ ಹಿಂದೆ ಯಾವ ಪೆಟ್ಟು, ಎಲ್ಲ ಅದಕ್ಕೆ ಕೊಟ್ಟರೆ ಕಂಪ್ಯೂಟರ್ ತಾನೇ ಒಳಗೊಳಗೆ ಸಾವಿರಾರು ಸಲ ಹೊಡೆದಾಡಿ ನೋಡುತ್ತದೆ. ಕೊನೆಗೆ ಒಂದು ಸಂಖ್ಯೆ ಹೇಳುತ್ತದೆ. ಸಂಖ್ಯೆ ದೊಡ್ಡದಾದಷ್ಟು ಆಳು ಗಟ್ಟಿ.

ನನ್ನ ಗಂಡನಿಗೆ ಆಟಕ್ಕಿಂತ ಅದು ಹಿಡಿಸಿತು.

"ಇದು ಮಾದರಿ ತುಂಡು ಕಣೇ" ಎಂದು ನನ್ನನ್ನು ಕರೆದು ತೋರಿಸಿದರು. "ನೇಯ್ದು ನೋಡ್ಬಿಟ್ಟು ಆಮೇಲೆ ಸೀರೆಗೆ ಕೂರೋದು."

"ನನ್ ಕೈಲಿ ಒಂದು ಉಂಗುರ ಇಲ್ಲ, ನಿಮ್ ಗೊಂಬೆಗೆ ಎರಡಾ?" ಎಂದೆ.

"ಅವನು ದುಡೀತಾನೆ, ಹಾಕ್ಕೋತಾನೆ. ನೀನು ಕಟ್ಟಿಕೊಂಡಿದ್ದು ಕೂತು ತಿನ್ನೋನ್ನ."

ನಕ್ಕರು. ನಾನೂ ನಕ್ಕೆ. ಸ್ಟ್ರೋಕ್ ಆದ ಮೇಲೆ ಆ ಮನೆಯಲ್ಲಿ ನಗು ಬಂದದ್ದು ಆ ಕಾಲದಲ್ಲೇ.

ಬೆಳಿಗ್ಗೆ ಕಾಫಿ ಕುಡಿದು ಕೂತರೆ ಮಧ್ಯಾಹ್ನದವರೆಗೆ ಅದೇ. ಒಂದು ಉಂಗುರ ತೆಗೆದು ಇನ್ನೊಂದು ಹಾಕಿ ನೋಡುವುದು, ಬೂಟು ಬದಲಿಸಿ ನೋಡುವುದು. ನೂಲಿನ ಬಣ್ಣ ಆರಿಸುವಾಗ ಎಷ್ಟು ತಾಳ್ಮೆಯೋ ಅಷ್ಟೇ ತಾಳ್ಮೆ. ಗುಂಪಿನವರೆಲ್ಲ ತಮ್ಮ ತಮ್ಮ ಆಳುಗಳನ್ನೂ ಅವರಿಗೇ ಕಳಿಸತೊಡಗಿದರು. ಅವರ ಲೆಕ್ಕದಂತೆ ಬದಲಿಸಿದವರ ಪೆಟ್ಟು ಏರಿತು.

ಅವರದು ಏರಲಿಲ್ಲ. ಮಾದರಿಯಲ್ಲಿ ಅವರ ಆಳು ಎಲ್ಲರಿಗಿಂತ ಮೇಲೆ. ಸಂಜೆ ನಿಜವಾಗಿ ಹೊಡೆದಾಡಿದಾಗ ಅದರ ಅರ್ಧವೂ ಬರುತ್ತಿರಲಿಲ್ಲ. ಎರಡು ಕತ್ತಿಯ ಆಳಿಗೆ ಎಡಗೈಯಿಂದ ಪಟಪಟ ಒತ್ತುತ್ತಲೇ ಇರಬೇಕು. ಪ್ರಾಣಿ ಬೆಂಕಿ ಉಗುಳಿದಾಗ ಪಕ್ಕಕ್ಕೆ ಸರಿಯಬೇಕು. ಇವರ ಆಳು ಬೆಂಕಿಯಲ್ಲೇ ನಿಂತು ಮೊದಲು ಸಾಯುತ್ತಿತ್ತು. ಇವರು ಕವಚ ಸರಿಯಿಲ್ಲ ಎಂದು ಬೆಳಿಗ್ಗೆ ಮತ್ತೆ ಲೆಕ್ಕಕ್ಕೆ ಕೂರುತ್ತಿದ್ದರು. ತಿಂಗಳುಗಟ್ಟಲೆ ಹೀಗೇ ಆಯಿತು.

ಒಂದು ಭಾನುವಾರ ಮೋಹನ್ ರಾಜ್ ಮನೆಗೇ ಬಂದ. ದನಿ ಕೇಳಿದ್ದೆ, ಮುಖ ನೋಡಿದ್ದು ಅವತ್ತೇ. ಬಾಳೆಹಣ್ಣು ತಂದಿದ್ದ. ತಮಿಳಿನಲ್ಲಿ ಮಾತಾಡಿದ, ನಾನು ಕನ್ನಡದಲ್ಲಿ ಬರೆಯುತ್ತೇನೆ. ತಪ್ಪು ತಿಳಿಯಬೇಡಿ ಎಂದು ಮೊದಲೇ ಹೇಳಿದ. ಗುಂಪಿನವರು ಬೇಸರ ಪಡುತ್ತಿದ್ದಾರೆ, ಇವರ ಜಾಗಕ್ಕೆ ಬೇರೆಯವರನ್ನು ಕೇಳುತ್ತಿದ್ದಾರೆ, ತನಗೆ ಇವರನ್ನು ಬಿಡಲು ಮನಸ್ಸಿಲ್ಲ ಎಂದ. ಆಮೇಲೆ ಇವರ ಎಡಗೈ ಒಮ್ಮೆ ನೋಡಿ, ಕಂಪ್ಯೂಟರ್ ಮುಂದೆ ಕೂತು ಕೇಳಿದ.

"ಅಣ್ಣಾ, ಇದರಲ್ಲಿ ಆಡೋರ ಕೈ ಅಂತ ಒಂದು ಜಾಗ ಇದೆ. ಎಷ್ಟು ಚುರುಕು, ಎಷ್ಟು ತಪ್ಪುತ್ತೆ ಅಂತ. ಅಲ್ಲಿ ಏನು ಹಾಕಿದೀರ?"

"ಏನೂ ಹಾಕಿಲ್ಲಪ್ಪಾ. ಪೂರ್ತಿ ಅಂತ ಮೊದ್ಲೇ ಇತ್ತು."

"ಅದನ್ನ ಇಳಿಸಬೇಕಿತ್ತು ಅಣ್ಣಾ."

"ಮಾದರಿಲಿ ಕೈನ ಬೇರೆ ಯಾಕೆ ಹಾಕೋದು? ನೇಯೋನ ಕೈ ಅದರೊಳಗೇ ಇರ್ತದಲ್ಲ."

ಮೋಹನ್ ರಾಜ್‌ಗೆ ಅರ್ಥವಾಗಲಿಲ್ಲ. ಅವನು ಮಗ್ಗ ಕಂಡವನಲ್ಲ. ನನಗೆ ಅರ್ಥವಾಯಿತು. ನಾನು ಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದೆ.

"ಮಗ್ಗದಲ್ಲಿ ಇರ್ತದೆ" ಎಂದೆ. "ಅಲ್ಲಿ ನೇಯ್ತಾ ಇದ್ದಿದ್ದು ನೀವು. ಇಲ್ಲಿ ನೇಯೋದು ಮಿಷಿನು."

ಅವರು ನನ್ನ ಕಡೆ ತಿರುಗಲಿಲ್ಲ. ಮೋಹನ್ ರಾಜ್ ಆ ಜಾಗದಲ್ಲಿ ಕೈಯ ಚುರುಕು ಇಳಿಸಿದ. ಮತ್ತೆ ಓಡಿಸಿದ. ಎರಡು ಕತ್ತಿಯ ಆಳು ಬಗೆಬಗೆಯ ಆಳುಗಳ ಪಟ್ಟಿಯ ತಳಕ್ಕೆ ಬಿತ್ತು. ಒಂದೇ ದಪ್ಪ ಕತ್ತಿ ಹಿಡಿದು ನಿಧಾನವಾಗಿ ಹೊಡೆಯುವ ಆಳು ಮೇಲೆ ಬಂತು. ಒತ್ತುವುದೂ ಕಡಿಮೆ. ಸಂಖ್ಯೆ ದೊಡ್ಡದಲ್ಲ, ಆದರೆ ಇವರು ಈಗ ಹೊಡೆಯುವುದಕ್ಕಿಂತ ಜಾಸ್ತಿ. ಇಷ್ಟು ಬಂದರೆ ನಿಮ್ಮ ಜಾಗ ಯಾರೂ ಕೇಳುವುದಿಲ್ಲ ಎಂದ.

ಅವರು ಬಹಳ ಹೊತ್ತು ನೋಡಿದರು. ಕಿಟಕಿಯಲ್ಲಿ ತುಂಡು ಹಿಡಿದು ನೋಡಿದ ಹಾಗೆ.

"ಇದು ಯಾರ ಕೈ?" ಎಂದರು.

ಹುಡುಗ ತಲೆ ಬಗ್ಗಿಸಿದ.

"ನಿಮ್ಮದೇ" ಎಂದೆ.

"ಸೆರಿ" ಎಂದರು. ಮೋಹನ್ ರಾಜ್‌ಗೆ ಕಾಫಿ ಕುಡಿ ಎಂದರು. ಬಾಗಿಲವರೆಗೆ ಹೋಗಿ ಕಳಿಸಿ ಬಂದರು.

ಆ ಸಂಜೆ ಅವರು ಕೂರಲಿಲ್ಲ. ಇಲಕ್ಕಿಯಾ ತಾನೇ ಆಟ ತೆರೆದಿಟ್ಟಳು, ಬನ್ನಿ ಅಪ್ಪಾ ಎಂದಳು. ಹೆಡ್‌ಫೋನ್ ಮೇಜಿನ ಮೇಲಿತ್ತು. ಅದರಿಂದ ಸಣ್ಣಗೆ ಕೇಳಿತು. "ದೀನಾ ಅಣ್ಣಾ ವಂದಾಚಾ?" ಅವರು ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿದ್ದರು. ಆ ದನಿ ಕೆಲವು ದಿನ ಕೇಳಿತು. ಆಮೇಲೆ ಅವರ ಜಾಗಕ್ಕೆ ಯಾರೋ ಬಂದರು. ಕೇಳುವುದು ನಿಂತಿತು. ಬೆರಳಿನ ವ್ಯಾಯಾಮವನ್ನೂ ಬಿಟ್ಟರು. ನಾನು ಬೈದೆ, ಕೈ ಹಿಡಿದು ಉಜ್ಜಿದೆ, ಗೋಗರೆದೆ. ಕೈ ಕೊಟ್ಟುಕೊಂಡು ಸುಮ್ಮನೆ ಇದ್ದರು, ಬೇರೆ ಯಾರದೋ ಕೈ ಎಂಬಂತೆ. ಪುರಟಾಸಿಯಲ್ಲಿ ಎರಡನೇ ಸ್ಟ್ರೋಕ್ ಬಂತು. ಆಸ್ಪತ್ರೆಯ ಬಾಗಿಲು ಮುಟ್ಟಲಿಲ್ಲ.

ಮೋಹನ್ ರಾಜ್ ಸಾವಿಗೆ ಬಂದ. ಹೆಣದ ಕಾಲ ಹತ್ತಿರ ನಿಂತು ಅತ್ತ. ಹೋಗುವಾಗ ನನ್ನ ಹತ್ತಿರ ಬಂದು, ಹೋದ ವಾರ ಆ ಪ್ರಾಣಿಯನ್ನು ಕೊಂದೆವು ಅಕ್ಕಾ, ಎಲ್ಲ ಅಣ್ಣನ ಲೆಕ್ಕ ಎಂದ. ಸಮಾಧಾನ ಆಗಲಿ ಎಂದು ಹೇಳಿದ. ಆಗಲಿಲ್ಲ.

ಕಾರ್ಯ ಎಲ್ಲ ಮುಗಿದ ಮೇಲೆ ಆ ಆಳನ್ನು ತೋರಿಸು ಎಂದು ಇಲಕ್ಕಿಯಾಳನ್ನು ಕೇಳಿದೆ. ತೋರಿಸಿದಳು. ಯಾವುದೋ ಊರಿನ ಚೌಕದಲ್ಲಿ ಎರಡು ಕತ್ತಿ ಹಿಡಿದು ನಿಂತಿದ್ದ. ಉಸಿರಾಡುತ್ತಿದ್ದ. ಎದೆ ಏರುತ್ತಿತ್ತು, ಇಳಿಯುತ್ತಿತ್ತು.

"ಆ ಮಾದರಿ ಓಡಿಸು" ಎಂದೆ.

"ಯಾವ ಕೈ ಇಡಲಿ ಅಮ್ಮಾ?"

"ಅವರು ಇಟ್ಟಿದ್ದದ್ದೇ. ಪೂರ್ತಿ."

ಅವಳು ಒತ್ತಿದಳು. ಯಂತ್ರ ಸ್ವಲ್ಪ ಹೊತ್ತು ಗುಂಯ್‌ಗುಟ್ಟಿತು. ಸಂಖ್ಯೆ ಬಂತು. ಅವರು ಇದ್ದಾಗ ಬರುತ್ತಿದ್ದದ್ದೇ. ಹೆಚ್ಚುಕಡಿಮೆ ಅಷ್ಟೇ ಎಂದಳು ಇಲಕ್ಕಿಯಾ.

ಅವರು ಇಲ್ಲ. ಸಂಖ್ಯೆ ಇಳಿದಿಲ್ಲ. ಆ ತುಂಡಿನಲ್ಲಿ ಅವರು ಯಾವತ್ತೂ ಇರಲಿಲ್ಲ.

ಮುಚ್ಚು ಎಂದೆ. ಮುಚ್ಚಿದಳು. ಅಕ್ಕಿ ತೊಳೆಯಲು ಎದ್ದೆ. ಮೂರು ಜನಕ್ಕೆ ಅಳೆದುಬಿಟ್ಟಿದ್ದೆ.